ವಾಹನಗಳ ಕಾಂತೀಯ ವೇಗ ಮತ್ತು ಸ್ಥಾನ ಸಂವೇದಕಗಳ ವೈಫಲ್ಯ

ಕಾಂತೀಯ ವೇಗ ಮತ್ತು ಸ್ಥಾನ ಸಂವೇದಕಗಳು ಮೋಟಾರು ವಾಹನಗಳಲ್ಲಿ ತಿರುಗುವ ಭಾಗಗಳ ವೇಗವನ್ನೂ ಕೋನವನ್ನೂ ಕಾಂತಕ್ಷೇತ್ರದ ಏರಿಳಿತದ ಮೂಲಕ ಗುರುತಿಸುವ ಸಾಧನಗಳಾಗಿವೆ. ಇವುಗಳನ್ನು ಕ್ರ್ಯಾಂಕ್‌ಶಾಫ್ಟ್, ಕ್ಯಾಮ್‌ಶಾಫ್ಟ್, ಗೇರ್‌ಬಾಕ್ಸ್ ಹಾಗೂ ಚಕ್ರಗಳ ಹಬ್‌ಗಳ ಬಳಿ ಅಳವಡಿಸಲಾಗಿರುತ್ತದೆ. ಇಂಜಿನ್ನಿನಲ್ಲಿ ಕಿಡಿ ಯಾವ ಕ್ಷಣದಲ್ಲಿ ಹಾರಬೇಕು, ಇಂಧನ ಯಾವಾಗ ಸಿಂಪಡಣೆಯಾಗಬೇಕು, ಬ್ರೇಕ್ ಹಾಕಿದಾಗ ಯಾವ ಚಕ್ರ ಜಾರುತ್ತಿದೆ ಎಂಬುದನ್ನೆಲ್ಲ ನಿಯಂತ್ರಣ ಘಟಕವು ಈ ಸಂವೇದಕಗಳ ಸಂಕೇತವನ್ನು ನೋಡಿಯೇ ನಿರ್ಧರಿಸುತ್ತದೆ. ಸಂವೇದಕದಲ್ಲಿ ಸಂಕೇತದ ಮೂಲಕ್ಕೂ ಅದನ್ನು ಓದುವ ತುದಿಗೂ ಸ್ಪರ್ಶವಿಲ್ಲದ ಕಾರಣ ಸವೆತವೆಂಬುದು ತಾತ್ವಿಕವಾಗಿ ಇರುವುದಿಲ್ಲ. ಆದರೂ ಇವು ವಾಹನದ ಅತ್ಯಂತ ಬಿಸಿಯಾದ, ಕೊಳೆಯಾದ, ಅದುರುವ ಜಾಗಗಳಲ್ಲಿಯೇ ಇರಬೇಕಾಗುವುದರಿಂದ ಆಗಾಗ ಕೆಡುತ್ತವೆ. ಕೆಟ್ಟಿದೆ ಎಂದು ಬದಲಾಯಿಸಲಾಗುವ ಸಂವೇದಕಗಳಲ್ಲಿ ಕೆಲವು ವಾಸ್ತವವಾಗಿ ಸರಿಯಾಗಿಯೇ ಇದ್ದು, ದೋಷವು ತಂತಿಯಲ್ಲೋ ಹಲ್ಲುಚಕ್ರದಲ್ಲೋ ಇರುವುದೂ ಉಂಟು.

ಹಿನ್ನೆಲೆ

ಈ ಸಂವೇದಕಗಳ ಹಿಂದಿರುವ ಭೌತಶಾಸ್ತ್ರ ಮೋಟಾರು ವಾಹನಕ್ಕಿಂತ ಹಳೆಯದು. ಮೈಕೆಲ್ ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್, ಕಾಂತಕ್ಷೇತ್ರದಲ್ಲಿ ಲೋಹದ ವಿದ್ಯುತ್ ರೋಧ ಬದಲಾಗುವುದನ್ನು 1850ರ ದಶಕದಲ್ಲಿ ಗಮನಿಸಿದನು. 1879ರಲ್ಲಿ ಎಡ್ವಿನ್ ಹಾಲ್ ತನ್ನ ಹೆಸರಿನಿಂದಲೇ ಕರೆಯಲಾಗುವ ಹಾಲ್ ಪರಿಣಾಮವನ್ನು ಕಂಡುಕೊಂಡನು. ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ 1988ರಲ್ಲಿ ಪರಸ್ಪರ ಸ್ವತಂತ್ರವಾಗಿ ಕಂಡುಹಿಡಿದ ದೈತ್ಯ ಕಾಂತರೋಧ ಪರಿಣಾಮಕ್ಕೆ 2007ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಇದೂ ಇಂದು ವಾಹನ ಸಂವೇದಕಗಳಲ್ಲಿ ಬಳಕೆಯಲ್ಲಿದೆ.

ವಾಹನಗಳಲ್ಲಿ ಇವುಗಳ ವ್ಯಾಪಕ ಬಳಕೆ 1970ರ ದಶಕದ ಕೊನೆಯಿಂದ ಆರಂಭವಾಯಿತು. ಬಾಷ್ ಕಂಪನಿಯ ಎಬಿಎಸ್ ವ್ಯವಸ್ಥೆಯು 1978ರಲ್ಲಿ ಮರ್ಸಿಡಿಸ್ ಬೆಂಜ್ ಎಸ್-ಕ್ಲಾಸ್ ಕಾರಿನಲ್ಲಿ ಬಂದಿತು. ಮರುವರ್ಷ ಕಿಡಿ ಮತ್ತು ಇಂಧನ ಎರಡನ್ನೂ ಒಂದೇ ಘಟಕದಿಂದ ನಿಯಂತ್ರಿಸುವ ಮೊಟ್ರೊನಿಕ್ ವ್ಯವಸ್ಥೆಯು ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದಿತು.

ಕಾರ್ಯವಿಧಾನ

ವೈಫಲ್ಯದ ಬಗೆಯು ಸಂವೇದಕದ ಬಗೆಯನ್ನು ಅವಲಂಬಿಸಿರುವುದರಿಂದ ಇವುಗಳ ರಚನೆಯನ್ನು ತಿಳಿಯುವುದು ಅಗತ್ಯ.

ಮೊದಲನೆಯದು ಸುರುಳಿ ಸಂವೇದಕ. ಇದರಲ್ಲಿ ಒಂದು ಶಾಶ್ವತ ಅಯಸ್ಕಾಂತ, ಅದಕ್ಕೆ ತಾಗಿದ ಮೆದುಕಬ್ಬಿಣದ ತುದಿ ಹಾಗೂ ತುದಿಯ ಸುತ್ತ ಸಾವಿರಾರು ಸುತ್ತುಗಳ ತಾಮ್ರದ ತಂತಿಯ ಸುರುಳಿ ಇರುತ್ತವೆ. ಉಕ್ಕಿನ ಹಲ್ಲುಚಕ್ರವು ತುದಿಯ ಮುಂದೆ ತಿರುಗುವಾಗ ಹಲ್ಲು ಬಂದರೆ ಕಾಂತಪ್ರವಾಹ ಹೆಚ್ಚುತ್ತದೆ, ಸಂದು ಬಂದರೆ ಕಡಿಮೆಯಾಗುತ್ತದೆ. ಈ ಬದಲಾವಣೆಯು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಇದಕ್ಕೆ ಹೊರಗಿನಿಂದ ವಿದ್ಯುತ್ ಪೂರೈಕೆ ಬೇಕಿಲ್ಲ, ಎರಡೇ ತಂತಿಗಳು ಸಾಕು. ಆದರೆ ಸಂಕೇತದ ವೋಲ್ಟೇಜು ಚಕ್ರದ ವೇಗಕ್ಕೆ ಅನುಗುಣವಾಗಿರುತ್ತದೆ. ಸ್ಟಾರ್ಟರ್ ಇಂಜಿನ್ನನ್ನು ತಿರುಗಿಸುವಾಗ ವೋಲ್ಟಿನ ಒಂದಂಶದಷ್ಟಿರುವ ಸಂಕೇತ, ಗರಿಷ್ಠ ವೇಗದಲ್ಲಿ ಹತ್ತಾರು ವೋಲ್ಟಿಗೆ ಏರಬಹುದು. ಚಕ್ರ ನಿಂತರೆ ಸಂಕೇತ ಶೂನ್ಯ. ದ್ವಿಚಕ್ರ ವಾಹನಗಳ ಗ್ಯಾರೇಜುಗಳಲ್ಲಿ ‘ಪಲ್ಸರ್ ಕಾಯಿಲ್’ ಅಥವಾ ‘ಪಿಕಪ್ ಕಾಯಿಲ್’ ಎಂದು ಕರೆಯುವುದು ಈ ಬಗೆಯನ್ನೇ.

ಎರಡನೆಯದು ಅರೆವಾಹಕ ಸಂವೇದಕ. ಹಾಲ್ ಪರಿಣಾಮ ಅಥವಾ ಕಾಂತರೋಧವನ್ನು ಆಧರಿಸಿದ ಚಿಪ್ಪೊಂದು ಕಾಂತಕ್ಷೇತ್ರದ ಬಲವನ್ನೇ ನೇರವಾಗಿ ಅಳೆಯುವುದರಿಂದ ಸಂಕೇತದ ಎತ್ತರ ವೇಗವನ್ನು ಅವಲಂಬಿಸುವುದಿಲ್ಲ. ಬಹಳ ನಿಧಾನವಾದ ಚಲನೆಯೂ ಗೊತ್ತಾಗುತ್ತದೆ. ಇಂಜಿನ್ನಿನಲ್ಲಿ ಬಳಸುವವುಗಳಿಗೆ ಸಾಮಾನ್ಯವಾಗಿ ಪೂರೈಕೆ, ನೆಲ ಮತ್ತು ಸಂಕೇತ ಎಂಬ ಮೂರು ತಂತಿಗಳಿರುತ್ತವೆ. ಚಕ್ರಗಳ ಬಳಿಯವು ಎರಡೇ ತಂತಿಗಳಲ್ಲಿ ಕೆಲಸ ಮಾಡುತ್ತವೆ: ಅವು ಎಳೆದುಕೊಳ್ಳುವ ವಿದ್ಯುತ್ತು ಸುಮಾರು 7 ಮತ್ತು 14 ಮಿಲಿಆಂಪಿಯರ್‌ಗಳ ನಡುವೆ ಬದಲಾಗುತ್ತಿರುತ್ತದೆ, ನಿಯಂತ್ರಣ ಘಟಕ ಆ ಬದಲಾವಣೆಯನ್ನು ಎಣಿಸುತ್ತದೆ.

ಕ್ರ್ಯಾಂಕ್‌ಶಾಫ್ಟಿನ ಹಲ್ಲುಚಕ್ರದಲ್ಲಿ ಅನೇಕ ತಯಾರಕರು 60 ಹಲ್ಲುಗಳ ಜಾಗದಲ್ಲಿ ಎರಡನ್ನು ಬಿಟ್ಟು 58 ಹಲ್ಲುಗಳನ್ನು ಇಡುತ್ತಾರೆ. ಪ್ರತಿ ಹಲ್ಲಿಗೆ 6 ಡಿಗ್ರಿ. ಖಾಲಿ ಜಾಗವು ಸುತ್ತಿನ ಆರಂಭದ ಗುರುತು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಹಲ್ಲು ದಾಟಲು ಸುಮಾರು 333 ಮೈಕ್ರೊಸೆಕೆಂಡು ಸಾಕು. ಒಂದೇ ಒಂದು ಹಲ್ಲಿನ ಎಣಿಕೆ ತಪ್ಪಿದರೂ ನಿಯಂತ್ರಣ ಘಟಕದ ಲೆಕ್ಕ 6 ಡಿಗ್ರಿ ಸರಿಯುತ್ತದೆ ಎಂಬುದರಿಂದ ಸಂಕೇತದ ಶುದ್ಧತೆ ಎಷ್ಟು ಮುಖ್ಯವೆಂದು ತಿಳಿಯಬಹುದು.

ಉಷ್ಣದಿಂದ ಉಂಟಾಗುವ ದೋಷಗಳು

ಕ್ರ್ಯಾಂಕ್‌ಶಾಫ್ಟ್ ಸಂವೇದಕಗಳ ಸಾವಿಗೆ ಮುಖ್ಯ ಕಾರಣಗಳಲ್ಲೊಂದು ಬಿಸಿಯಲ್ಲ, ಬಿಸಿ ಮತ್ತು ತಂಪಿನ ಪುನರಾವರ್ತನೆ. ಸುರುಳಿಯ ತಂತಿಯು ಕೂದಲೆಳೆಯಷ್ಟು ತೆಳುವಾಗಿದ್ದು, ಅದನ್ನು ಎಪಾಕ್ಸಿ ಅಥವಾ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿರುತ್ತಾರೆ. ತಾಮ್ರವು ಪ್ರತಿ ಡಿಗ್ರಿಗೆ ದಶಲಕ್ಷಕ್ಕೆ ಸುಮಾರು 17 ಭಾಗ ಹಿಗ್ಗಿದರೆ, ಪುಡಿ ಬೆರೆಸದ ಸಾಮಾನ್ಯ ಎಪಾಕ್ಸಿ ಅದರ ಮೂರು ಪಟ್ಟು ಹಿಗ್ಗುತ್ತದೆ. ಇಂಜಿನ್ ಬಿಸಿಯಾಗಿ ತಣಿದ ಪ್ರತಿಬಾರಿಯೂ ತಂತಿ ಎಳೆಯಲ್ಪಟ್ಟು ಸಡಿಲಗೊಳ್ಳುತ್ತದೆ. ಸಾವಿರಾರು ಆವರ್ತನಗಳ ನಂತರ ತಂತಿಯು ಸುರುಳಿಯ ನಡುವಿಗಿಂತ ಹೆಚ್ಚಾಗಿ ಪಿನ್ನಿಗೆ ಬೆಸೆದ ತುದಿಯಲ್ಲಿ ಬಿರುಕು ಬಿಡುತ್ತದೆ.

ಈ ಬಿರುಕಿನ ವರ್ತನೆ ವಿಚಿತ್ರವಾದುದು. ತಣ್ಣಗಿರುವಾಗ ಮುರಿದ ತುದಿಗಳು ಒಂದನ್ನೊಂದು ತಾಗಿಕೊಂಡಿದ್ದು ಸಂವೇದಕ ಸರಿಯಾಗಿ ಕೆಲಸ ಮಾಡುತ್ತದೆ. ಬಿಸಿಯೇರಿ ಸುತ್ತಲಿನ ವಸ್ತು ಹಿಗ್ಗಿದಾಗ ತುದಿಗಳು ಬೇರ್ಪಟ್ಟು ಸಂಕೇತ ನಿಲ್ಲುತ್ತದೆ, ಇಂಜಿನ್ ಆರಿಹೋಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಏನೂ ಆಗದಂತೆ ಮತ್ತೆ ಚಾಲೂ ಆಗುತ್ತದೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ವಾಹನ ತಣಿದಿರುವುದರಿಂದ ಪರೀಕ್ಷೆಯಲ್ಲಿ ದೋಷ ಕಾಣುವುದಿಲ್ಲ. ‘ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿ’ ಎಂಬ ದೂರಿನ ಹಿಂದೆ ಹಲವು ಬಾರಿ ಇದೇ ಕಾರಣವಿರುತ್ತದೆ. ಇಂಧನ ಪಂಪು ಮತ್ತು ಇಗ್ನಿಷನ್ ಕಾಯಿಲ್ ಸಹ ಇದೇ ರೀತಿ ವರ್ತಿಸಬಲ್ಲವು ಎಂಬುದನ್ನೂ ಗಮನಿಸಬೇಕು. ಇಂಜಿನ್ ನಿಲ್ಲಿಸಿದ ತಕ್ಷಣದ ಕೆಲವು ನಿಮಿಷಗಳಲ್ಲಿ ಗಾಳಿ ಮತ್ತು ಶೀತಕದ್ರವದ ಹರಿವು ನಿಂತು ಬಾನೆಟ್ಟಿನ ಒಳಗಿನ ಶಾಖ ಇನ್ನಷ್ಟು ಏರುತ್ತದೆ. ದೂರ ಪ್ರಯಾಣದ ನಡುವೆ ಚಹಾಕ್ಕೆಂದು ನಿಲ್ಲಿಸಿದ ಕಾರು ಮತ್ತೆ ಹೊರಡದಿರುವುದು ಈ ಕಾರಣದಿಂದಲೂ ಆಗಬಹುದು.

ಸುರುಳಿಯ ರೋಧವನ್ನು ಅಳೆಯುವಾಗಲೂ ಉಷ್ಣತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ತಾಮ್ರದ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 800 ಓಮ್ ಇರುವ ಸುರುಳಿ 120 ಡಿಗ್ರಿಯಲ್ಲಿ ಸುಮಾರು 1110 ಓಮ್ ತೋರಿಸುತ್ತದೆ, ಇದು ದೋಷವಲ್ಲ. ತಂತಿಯ ಮೇಲಿನ ಎನಾಮಲ್ ಲೇಪ ಸುಟ್ಟು ಪಕ್ಕದ ಸುತ್ತುಗಳು ತಾಗಿಕೊಂಡರೆ ರೋಧ ತುಸು ಕಡಿಮೆಯಾಗುತ್ತದೆ, ಸಂಕೇತ ಮಾತ್ರ ಬಹಳ ಕುಗ್ಗುತ್ತದೆ. ಹೀಗೆ ಮಲ್ಟಿಮೀಟರಿನಲ್ಲಿ ಬಹುತೇಕ ಸರಿಯೆಂದು ಕಂಡರೂ ಕೆಲಸಕ್ಕೆ ಬಾರದ ಸಂವೇದಕಗಳು ಇರುತ್ತವೆ.

ಗಾಳಿ ಅಂತರ ಮತ್ತು ತುಕ್ಕು

ಸಂವೇದಕದ ತುದಿಗೂ ಹಲ್ಲಿಗೂ ನಡುವಿನ ಗಾಳಿ ಅಂತರ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂತರ ಹೆಚ್ಚಿದಂತೆ ಸಂಕೇತ ಬಹಳ ಬೇಗ ಕುಸಿಯುತ್ತದೆ. ಅಂತರ ಎರಡರಷ್ಟಾದರೆ ಸಂಕೇತ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಸಡಿಲಗೊಂಡ ಸ್ಕ್ರೂ, ಸವೆದು ಅಲುಗಾಡುವ ಬೇರಿಂಗ್, ಬಾಗಿದ ಬ್ರಾಕೆಟ್, ಬೇರೆ ಉದ್ದದ ಬದಲಿ ಭಾಗ ಇವೆಲ್ಲ ಅಂತರವನ್ನು ಕೆಡಿಸುತ್ತವೆ.

ಇವುಗಳಲ್ಲಿ ತುಕ್ಕು ಅತ್ಯಂತ ಕುತೂಹಲಕರವಾದುದು. ಚಕ್ರದ ಸಂವೇದಕವನ್ನು ಕೂರಿಸಿರುವ ಉಕ್ಕಿನ ಅಥವಾ ಎರಕದ ಕಬ್ಬಿಣದ ಮೇಲ್ಮೈ ತುಕ್ಕು ಹಿಡಿದಾಗ, ತುಕ್ಕಿನ ಗಾತ್ರ ಮೂಲ ಕಬ್ಬಿಣದ ಗಾತ್ರಕ್ಕಿಂತ ಹೆಚ್ಚಾಗಿರುವುದರಿಂದ ಅದು ಸಂವೇದಕವನ್ನು ನಿಧಾನವಾಗಿ ಮೇಲೆತ್ತುತ್ತದೆ. ಸಂವೇದಕ ಕೆಟ್ಟಿರುವುದಿಲ್ಲ, ದೂರ ಸರಿದಿರುತ್ತದೆ ಅಷ್ಟೆ. ಸುರುಳಿ ಸಂವೇದಕದ ವಿಷಯದಲ್ಲಿ ಇದರ ಪರಿಣಾಮ ಹೀಗಾಗುತ್ತದೆ: ವೇಗವಾಗಿ ಹೋಗುವಾಗ ಸಂಕೇತ ಸಾಕಷ್ಟಿರುತ್ತದೆ, ವಾಹನ ನಿಲ್ಲುವ ಮುನ್ನ ವೇಗ ತಗ್ಗಿದಾಗ ಆ ಒಂದು ಚಕ್ರದ ಸಂಕೇತ ಮಾತ್ರ ಉಳಿದವುಗಳಿಗಿಂತ ಮೊದಲೇ ಇಲ್ಲವಾಗುತ್ತದೆ. ಮೂರು ಚಕ್ರ ತಿರುಗುತ್ತಿವೆ, ಒಂದು ಇದ್ದಕ್ಕಿದ್ದಂತೆ ನಿಂತಿದೆ ಎಂದು ನಿಯಂತ್ರಣ ಘಟಕ ಭಾವಿಸಿ, ಜಾರುತ್ತಿರುವ ಚಕ್ರವನ್ನು ಬಿಡಿಸಲೆಂದು ಅದರ ಬ್ರೇಕಿನ ಒತ್ತಡವನ್ನು ತಗ್ಗಿಸುತ್ತದೆ. ಒಣರಸ್ತೆಯಲ್ಲಿ ನಿಧಾನವಾಗಿ ನಿಲ್ಲಿಸುವಾಗ ಪೆಡಲ್ ಅದುರಿ, ವಾಹನ ಅಂದುಕೊಂಡಿದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ.

ಇದು ಕೇವಲ ಕಿರಿಕಿರಿಯ ವಿಷಯವಲ್ಲ. ಅಮೆರಿಕದಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಲ್ಲಿ ಇದೇ ದೋಷಕ್ಕಾಗಿ ಜನರಲ್ ಮೋಟಾರ್ಸ್ ಕಂಪನಿಯು 2005ರಲ್ಲಿ 1999ರಿಂದ 2002ರ ಮಾದರಿಯ ಸುಮಾರು 8 ಲಕ್ಷ ಪಿಕಪ್ ಮತ್ತು ಎಸ್‌ಯುವಿ ವಾಹನಗಳನ್ನು ಹಿಂದಕ್ಕೆ ಕರೆಯಿತು. ಮುಂದಿನ ಚಕ್ರಗಳ ಹಬ್ ಮತ್ತು ಸಂವೇದಕದ ನಡುವೆ ತುಕ್ಕು ಸೇರಿ, ಕಡಿಮೆ ವೇಗದಲ್ಲಿ ಎಬಿಎಸ್ ಅನಗತ್ಯವಾಗಿ ಕೆಲಸಮಾಡುತ್ತಿತ್ತು. ಪರಿಹಾರವೂ ಸರಳವಾಗಿತ್ತು: ಸಂವೇದಕವನ್ನು ತೆಗೆದು, ಕೂರುವ ಜಾಗದ ತುಕ್ಕನ್ನು ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ ಮರುಜೋಡಿಸುವುದು, ಸಂಕೇತ ಆಗಲೂ ಸಾಲದಿದ್ದರೆ ಮಾತ್ರ ಬದಲಾಯಿಸುವುದು.

ಕಬ್ಬಿಣದ ಪುಡಿ

ಅಯಸ್ಕಾಂತವಿರುವ ತುದಿಯು ಸುತ್ತಲಿನ ಕಬ್ಬಿಣದ ಕಣಗಳನ್ನೆಲ್ಲ ಆಕರ್ಷಿಸುತ್ತದೆ. ಬ್ರೇಕ್ ಡಿಸ್ಕಿನಿಂದ ಸವೆದ ಪುಡಿ, ಗೇರ್‌ಬಾಕ್ಸಿನ ಎಣ್ಣೆಯಲ್ಲಿ ತೇಲುವ ಲೋಹದ ಕಣಗಳು, ಕ್ಲಚ್ಚಿನ ಪುಡಿ ತುದಿಗೆ ಗಡ್ಡದಂತೆ ಅಂಟಿಕೊಳ್ಳುತ್ತವೆ. ಇದರಿಂದ ಕಾಂತಪ್ರವಾಹವು ಹಲ್ಲಿನ ಮೂಲಕ ಹೋಗುವ ಬದಲು ಪಕ್ಕಕ್ಕೆ ಹರಡಿ ಸಂಕೇತ ದುರ್ಬಲವಾಗುತ್ತದೆ. ಒರೆಸಿದರೆ ಸಾಕು, ಸಂವೇದಕ ಮೊದಲಿನಂತಾಗುತ್ತದೆ. ಆದರೆ ಗೇರ್‌ಬಾಕ್ಸಿನ ಸಂವೇದಕಕ್ಕೆ ದಪ್ಪನೆಯ ಚೂರುಗಳು ಅಂಟಿದ್ದರೆ ವಿಚಾರಿಸಬೇಕಾದುದು ಸಂವೇದಕವನ್ನಲ್ಲ, ಗೇರ್‌ಬಾಕ್ಸನ್ನು.

ತಂತಿ ಮತ್ತು ಕನೆಕ್ಟರ್

ಚಕ್ರದ ಸಂವೇದಕದಿಂದ ಹೊರಟ ತಂತಿಯು ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗಲೆಲ್ಲ ಬಾಗುತ್ತದೆ. ಮುಂದಿನ ಚಕ್ರಗಳಲ್ಲಿ ಸ್ಟೀರಿಂಗ್ ತಿರುಗಿಸಿದಾಗಲೂ ತಿರುಚಿಕೊಳ್ಳುತ್ತದೆ. ಹೊರಗಿನ ರಬ್ಬರು ಗಟ್ಟಿಯಾಗಿದ್ದರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಬಲಕ್ಕೆ ತಿರುಗಿಸಿದಾಗ ಮಾತ್ರ ಎಬಿಎಸ್ ದೀಪ ಹೊತ್ತಿಕೊಳ್ಳುವುದು ಈ ದೋಷದ ಲಕ್ಷಣ. ಬ್ರೇಕ್ ಕೆಲಸದ ನಂತರ ತಂತಿಯನ್ನು ಅದರ ಕ್ಲಿಪ್ಪುಗಳಿಗೆ ಸಿಕ್ಕಿಸದೆ ಬಿಟ್ಟರೆ ಅದು ಟೈರಿಗೆ ಉಜ್ಜಿ ಹಾಳಾಗುತ್ತದೆ. ಇಲಿ ಹೆಗ್ಗಣಗಳು ತಂತಿ ಕಡಿಯುವುದನ್ನೂ ಈ ಪಟ್ಟಿಗೆ ಸೇರಿಸಬೇಕು. ಭಾರತದಲ್ಲಿ ಅದು ಅಪರೂಪದ ಕಾರಣವೇನಲ್ಲ.

ಕನೆಕ್ಟರಿನ ಒಳಗೆ ತವರ ಲೇಪಿಸಿದ ಪಿನ್ನುಗಳು ಕಂಪನದಿಂದ ಒಂದಕ್ಕೊಂದು ಸೂಕ್ಷ್ಮವಾಗಿ ಉಜ್ಜಿಕೊಳ್ಳುತ್ತವೆ. ಪ್ರತಿ ಉಜ್ಜುವಿಕೆಯಲ್ಲೂ ಹೊಸ ಲೋಹ ತೆರೆದುಕೊಂಡು ಆಕ್ಸೈಡಾಗಿ, ಆ ಪುಡಿ ಪಿನ್ನುಗಳ ನಡುವೆ ಶೇಖರವಾಗುತ್ತದೆ. ಹೆಡ್‌ಲೈಟಿನಂಥ ಹೆಚ್ಚು ವಿದ್ಯುತ್ತಿನ ಮಾರ್ಗದಲ್ಲಿ ತೆಳುವಾದ ಪೊರೆ ಸೀಳಿಹೋಗಬಹುದು. ಸಂವೇದಕದ ಅತ್ಯಲ್ಪ ಸಂಕೇತಕ್ಕೆ ಆ ಶಕ್ತಿಯಿಲ್ಲ. ಕನೆಕ್ಟರನ್ನು ಒಮ್ಮೆ ತೆಗೆದು ಹಾಕಿದರೆ ಪೊರೆ ಉಜ್ಜಿಹೋಗಿ ದೋಷ ಮಾಯವಾಗುತ್ತದೆ. ಸಂವೇದಕ ಬದಲಿಸಿದ್ದರಿಂದ ಸರಿಹೋಯಿತು ಎಂಬ ತಪ್ಪು ತೀರ್ಮಾನಕ್ಕೆ ಇದು ಹಲವು ಬಾರಿ ಎಡೆಮಾಡುತ್ತದೆ.

ನೀರು ಒಳಸೇರುವ ಬಗೆಯೂ ಗಮನಾರ್ಹ. ಬಿಸಿಯಾದ ಸಂವೇದಕದ ಮೇಲೆ ತಣ್ಣೀರು ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಣ್ಣ ಬಿರುಕಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತಂತಿಯ ಕವಚ ಎಲ್ಲಾದರೂ ತೂತಾಗಿದ್ದರೆ ನೀರು ತಾಮ್ರದ ಎಳೆಗಳ ಸಂದಿನಲ್ಲಿ ದೂರದವರೆಗೂ ಸಾಗುತ್ತದೆ. ಮಳೆನೀರು ನಿಂತ ರಸ್ತೆಗಳಲ್ಲಿ ಓಡಿದ ವಾಹನಗಳಲ್ಲಿಯೂ ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲುವ ವಾಹನಗಳಲ್ಲಿಯೂ ಪಿನ್ನುಗಳು ಹಸಿರುಗಟ್ಟಿರುವುದನ್ನು ಕಾಣಬಹುದು.

ಅರೆವಾಹಕ ಸಂವೇದಕಗಳ ದೋಷಗಳು

ಹಾಲ್ ಸಂವೇದಕದಲ್ಲಿ ತುಂಡಾಗುವ ಉದ್ದನೆಯ ಸುರುಳಿ ಇಲ್ಲ; ಅದರ ಬದಲು ಸೂಕ್ಷ್ಮ ವಿದ್ಯುನ್ಮಂಡಲವಿದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಸಂಪರ್ಕ ತಪ್ಪಿದರೆ ಆಲ್ಟರ್ನೇಟರ್ ಕ್ಷಣಕಾಲ ಹತ್ತಾರು ವೋಲ್ಟುಗಳಷ್ಟು ಹೆಚ್ಚಿನ ವಿದ್ಯುತ್ತನ್ನು ಹರಿಸಬಲ್ಲದು. ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡುವುದು, ಸ್ಥಿರವಿದ್ಯುತ್ತಿನ ಕಿಡಿ, ವಾಹನದ ದೇಹಕ್ಕೆ ವೆಲ್ಡಿಂಗ್ ಮಾಡುವಾಗ ನೆಲದ ತಂತಿಯನ್ನು ತಪ್ಪು ಜಾಗದಲ್ಲಿ ಸಿಕ್ಕಿಸುವುದು ಇವೂ ಅಪಾಯಕಾರಿ. ಸಂವೇದಕಗಳಲ್ಲಿ ರಕ್ಷಣಾ ಮಂಡಲಗಳಿದ್ದರೂ ಅವುಗಳಿಗೂ ಮಿತಿಯಿದೆ.

ಹಲವು ಸಂವೇದಕಗಳು ಒಂದೇ 5 ವೋಲ್ಟ್ ಪೂರೈಕೆಯನ್ನು ಹಂಚಿಕೊಳ್ಳುವ ವಾಹನಗಳಲ್ಲಿ ಒಂದರ ಒಳಗೆ ಶಾರ್ಟ್ ಆದರೆ ಉಳಿದೆಲ್ಲವೂ ಸತ್ತಂತೆ ತೋರುತ್ತವೆ. ಒಮ್ಮೆಲೇ ನಾಲ್ಕೈದು ದೋಷಸಂಕೇತಗಳು ಕಾಣಿಸಿಕೊಂಡಾಗ ನಾಲ್ಕೈದು ಭಾಗಗಳು ಕೆಟ್ಟಿವೆ ಎಂದು ಭಾವಿಸುವುದಕ್ಕಿಂತ ಪೂರೈಕೆಯನ್ನು ಅಳೆಯುವುದು ವಿವೇಕ.

ಇನ್ನೊಂದು ನಿಧಾನವಾದ ದೋಷವಿದೆ. ಹಾಲ್ ವೋಲ್ಟೇಜು ಅತ್ಯಂತ ಚಿಕ್ಕದು. ಚಿಪ್ಪಿನ ಮೇಲಿನ ಯಾಂತ್ರಿಕ ಒತ್ತಡವೂ ಅದನ್ನು ಬದಲಿಸುತ್ತದೆ. ಪ್ಲಾಸ್ಟಿಕ್ ಕವಚ ತೇವ ಹೀರಿಕೊಂಡು ಉಬ್ಬಿದಾಗ ಅಥವಾ ವರ್ಷಗಳ ಶಾಖದಿಂದ ಕುಗ್ಗಿದಾಗ ಶೂನ್ಯಬಿಂದು ಸರಿಯುತ್ತದೆ. ಇದನ್ನು ಸರಿದೂಗಿಸಲು ಆಧುನಿಕ ಚಿಪ್ಪುಗಳು ವಿದ್ಯುತ್ತು ಹರಿಯುವ ದಿಕ್ಕನ್ನು ಕ್ಷಣಕ್ಷಣಕ್ಕೂ ಬದಲಿಸಿ ಸರಾಸರಿ ತೆಗೆಯುತ್ತವೆ.

ಅಯಸ್ಕಾಂತ ಮತ್ತು ಹೊರಗಿನ ಕ್ಷೇತ್ರ

‘ಅಯಸ್ಕಾಂತ ಶಕ್ತಿ ಕಳೆದುಕೊಂಡಿದೆ’ ಎಂಬುದು ಜನಪ್ರಿಯ ವಿವರಣೆಯಾದರೂ ನಿಜವಾದ ಪ್ರಕರಣಗಳು ಕಡಿಮೆ. ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತಗಳು 250 ಡಿಗ್ರಿಯಷ್ಟು ಶಾಖವನ್ನೂ ತಾಳುತ್ತವೆ. ಸಾಧಾರಣ ದರ್ಜೆಯ ನಿಯೋಡೈಮಿಯಂ ಅಯಸ್ಕಾಂತಗಳು 80 ಡಿಗ್ರಿ ದಾಟಿದರೆ ಶಾಶ್ವತವಾಗಿ ದುರ್ಬಲಗೊಳ್ಳಬಹುದಾದ್ದರಿಂದ, ಕಳಪೆ ಬದಲಿ ಭಾಗಗಳಲ್ಲಿ ಅವುಗಳ ಬಳಕೆ ತೊಂದರೆಗೆ ಕಾರಣವಾಗುತ್ತದೆ. ಫೆರೈಟ್ ಅಯಸ್ಕಾಂತದ ಬಲ ಪ್ರತಿ ಡಿಗ್ರಿಗೆ ಶೇಕಡಾ 0.2ರಷ್ಟು ಇಳಿದರೂ ತಣಿದಾಗ ಹಿಂದಿರುಗುತ್ತದೆ. ಇವುಗಳಿಗೆ ಶಾಖಕ್ಕಿಂತ ಪೆಟ್ಟು ಹೆಚ್ಚು ಹಾನಿಕರ: ಫೆರೈಟ್ ಪಿಂಗಾಣಿಯಂತೆ ಬಿರುಸಾದುದರಿಂದ ನೆಲಕ್ಕೆ ಬಿದ್ದ ಅಥವಾ ಸುತ್ತಿಗೆಯಿಂದ ಬಡಿದು ಕೂರಿಸಿದ ಸಂವೇದಕದೊಳಗೆ ಅದು ಒಡೆದಿರಬಹುದು.

ಹಲ್ಲುಚಕ್ರವೇ ಕಾಂತೀಕರಣಗೊಳ್ಳುವುದು ಇದಕ್ಕೆ ವಿರುದ್ಧವಾದ ಸಮಸ್ಯೆ. ಉಕ್ಕಿನ ಭಾಗಗಳಲ್ಲಿ ಬಿರುಕು ಹುಡುಕಲು ಕಾಂತೀಯ ಪರೀಕ್ಷೆ ಮಾಡಿದ ಮೇಲೆ ಅವನ್ನು ಪೂರ್ತಿ ವಿಕಾಂತೀಕರಿಸದಿದ್ದರೆ, ಪ್ರತಿ ಸುತ್ತಿಗೊಮ್ಮೆ ಏರಿಳಿಯುವ ಹೆಚ್ಚುವರಿ ಕ್ಷೇತ್ರವು ಹಲ್ಲುಗಳ ಸಂಕೇತದ ಮೇಲೆ ಸವಾರಿ ಮಾಡುತ್ತದೆ. ವಿದ್ಯುತ್ ವಾಹನಗಳಲ್ಲಿ ನೂರಾರು ಆಂಪಿಯರ್ ಹರಿಯುವ ಕೇಬಲ್ಲುಗಳೂ ಹೊರಗಿನ ಕ್ಷೇತ್ರವನ್ನು ಉಂಟುಮಾಡುತ್ತವೆ. ಎರಡು ಬಿಂದುಗಳ ಕ್ಷೇತ್ರದ ವ್ಯತ್ಯಾಸವನ್ನಷ್ಟೇ ಅಳೆಯುವ ಚಿಪ್ಪುಗಳು ಇಂಥ ಬಾಧೆಯಿಂದ ಬಹುಮಟ್ಟಿಗೆ ಪಾರಾಗುತ್ತವೆ.

ಹಲ್ಲುಚಕ್ರ ಮತ್ತು ಕಾಂತವಲಯ

ಹಲ್ಲು ಮುರಿದರೆ, ಉಕ್ಕಿನ ಉಂಗುರ ಬಿರುಕುಬಿಟ್ಟರೆ, ಅಥವಾ ಅದು ಓರೆಯಾಗಿ ಕೂತಿದ್ದರೆ ಸಂವೇದಕ ಹೊಸದಾದರೂ ಪ್ರಯೋಜನವಿಲ್ಲ. ಆಕ್ಸಲ್ಲಿನ ಮೇಲೆ ಒತ್ತಿ ಕೂರಿಸಿದ ಉಂಗುರದ ಕೆಳಗೆ ತುಕ್ಕು ಬೆಳೆದು ಉಂಗುರ ಸೀಳಿದಾಗ ಒಂದು ಸಂದು ಮಾತ್ರ ಅಗಲವಾಗುತ್ತದೆ. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಒಂದು ಎಡವಟ್ಟು ಸಂಕೇತ ಬರುತ್ತದೆ.

ಹೊಸ ವಾಹನಗಳ ಚಕ್ರದ ಬೇರಿಂಗಿನ ಸೀಲಿನಲ್ಲಿಯೇ ಕಾಂತೀಯ ರಬ್ಬರಿನ ವಲಯವಿರುತ್ತದೆ. ಅದರಲ್ಲಿ ಹಲ್ಲುಗಳ ಬದಲು ಉತ್ತರ ಮತ್ತು ದಕ್ಷಿಣ ಧ್ರುವಗಳು ಸರದಿಯಲ್ಲಿ ಅಚ್ಚಾಗಿರುತ್ತವೆ. ಕಣ್ಣಿಗೆ ಇದು ಸಾದಾ ಕಪ್ಪು ಸೀಲಿನಂತೆ ಕಾಣುವುದರಿಂದ ಬೇರಿಂಗನ್ನು ತಿರುವುಮುರುವಾಗಿ ಕೂರಿಸುವ ತಪ್ಪು ನಡೆಯುತ್ತದೆ. ಆಗ ಬೇರಿಂಗ್ ಸರಿಯಾಗಿ ತಿರುಗುತ್ತದೆ, ಸಂವೇದಕಕ್ಕೆ ಮಾತ್ರ ಏನೂ ಕಾಣುವುದಿಲ್ಲ. ವಲಯವಿರುವ ಬದಿಯನ್ನು ಕಾಂತಕ್ಷೇತ್ರ ತೋರಿಸುವ ಹಾಳೆಯಿಂದ ಸುಲಭವಾಗಿ ಗುರುತಿಸಬಹುದು.

ಪರಿಣಾಮಗಳು

ಕ್ರ್ಯಾಂಕ್‌ಶಾಫ್ಟಿನ ಸಂಕೇತ ನಿಂತರೆ ಬಹುತೇಕ ವಾಹನಗಳಲ್ಲಿ ಇಂಜಿನ್ ನಿಲ್ಲುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವು ಒಂದೆರಡು ಬಾರಿ ಪೆಡಲ್ ಒತ್ತಲು ಸಾಕಾಗುತ್ತದೆ; ಅನಂತರ ಪೆಡಲನ್ನು ಬಹಳ ಬಲವಾಗಿ ಒತ್ತಬೇಕಾಗುತ್ತದೆ. ಇಂಜಿನ್ನಿನಿಂದ ನೆರವು ಪಡೆಯುವ ಹೈಡ್ರಾಲಿಕ್ ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಹೆದ್ದಾರಿಯಲ್ಲಿ ಹೀಗಾದಾಗ ಬ್ರೇಕನ್ನು ಪದೇಪದೇ ಒತ್ತಿಬಿಡದೆ ಒಂದೇ ಬಾರಿ ಒತ್ತಿಹಿಡಿದು ಬದಿಗೆ ನಿಲ್ಲಿಸುವುದು ಸುರಕ್ಷಿತ. ಕ್ಯಾಮ್‌ಶಾಫ್ಟ್ ಸಂವೇದಕ ಮಾತ್ರ ಕೆಟ್ಟಿದ್ದರೆ ಅನೇಕ ಇಂಜಿನ್‌ಗಳು ಕ್ರ್ಯಾಂಕ್ ಸಂಕೇತದ ಮೇಲೆಯೇ ಓಡುತ್ತವೆ, ಆದರೆ ಚಾಲೂ ಆಗಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಚಕ್ರದ ಸಂಕೇತ ಪೂರ್ತಿ ನಿಂತಾಗ ಎಬಿಎಸ್ ತನ್ನನ್ನು ತಾನೇ ಸ್ಥಗಿತಗೊಳಿಸಿ ದೀಪ ಹೊತ್ತಿಸುತ್ತದೆ. ಸಾಮಾನ್ಯ ಬ್ರೇಕ್ ಉಳಿದಿರುತ್ತದೆ. ಪೂರ್ತಿ ಸತ್ತ ಸಂವೇದಕಕ್ಕಿಂತ ಅರೆಬರೆ ಸತ್ಯ ಹೇಳುವ ಸಂವೇದಕ ಹೆಚ್ಚು ಅಪಾಯಕಾರಿ, ಏಕೆಂದರೆ ನಿಯಂತ್ರಣ ಘಟಕ ಅದನ್ನು ನಂಬುತ್ತದೆ.

ದೋಷಪತ್ತೆ

ವಾಹನದ ಗಣಕದಲ್ಲಿ ದಾಖಲಾಗುವ ದೋಷಸಂಕೇತಗಳಲ್ಲಿ ಪಿ0335 ಕ್ರ್ಯಾಂಕ್‌ಶಾಫ್ಟ್ ಸಂವೇದಕದ ಮಂಡಲವನ್ನೂ, ಪಿ0340 ಕ್ಯಾಮ್‌ಶಾಫ್ಟ್ ಸಂವೇದಕದ ಮಂಡಲವನ್ನೂ, ಸಿ0035 ಮುಂದಿನ ಎಡಚಕ್ರದ ವೇಗ ಸಂವೇದಕವನ್ನೂ ಸೂಚಿಸುತ್ತವೆ. ‘ಮಂಡಲ’ ಎಂಬ ಪದ ಇಲ್ಲಿ ಮುಖ್ಯ: ತಂತಿ, ಕನೆಕ್ಟರ್, ಪೂರೈಕೆ ಎಲ್ಲವೂ ಅದರಲ್ಲಿ ಸೇರುತ್ತವೆ. ಪಿ0016 ಕ್ರ್ಯಾಂಕ್ ಮತ್ತು ಕ್ಯಾಮ್ ಸಂಕೇತಗಳ ಹೊಂದಾಣಿಕೆ ತಪ್ಪಿರುವುದನ್ನು ಹೇಳುತ್ತದೆ; ಎರಡೂ ಸಂವೇದಕಗಳು ಸರಿಯಿದ್ದು ಟೈಮಿಂಗ್ ಚೈನ್ ಉದ್ದವಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸುವುದು ಒಳಿತು.

ಸುರುಳಿ ಸಂವೇದಕದ ರೋಧವನ್ನು ಮಲ್ಟಿಮೀಟರಿನಿಂದ ಅಳೆದು, ನೆಲಕ್ಕೆ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಳ್ಳಲಾಗುತ್ತದೆ. ಹಾಲ್ ಸಂವೇದಕಕ್ಕೆ ಈ ಪರೀಕ್ಷೆ ಅರ್ಥಹೀನ. ಅದಕ್ಕೆ ಪೂರೈಕೆ ಬಂದಿದೆಯೇ, ನೆಲ ಸರಿಯಿದೆಯೇ, ಚಕ್ರ ತಿರುಗಿಸಿದಾಗ ಸಂಕೇತದ ವೋಲ್ಟೇಜು ಏರಿಳಿಯುತ್ತದೆಯೇ ಎಂದು ನೋಡಬೇಕು. ಎರಡಕ್ಕೂ ಅತ್ಯುತ್ತಮ ಸಾಧನವೆಂದರೆ ಆಸಿಲ್ಲೋಸ್ಕೋಪ್. ಮುರಿದ ಹಲ್ಲು, ಸುತ್ತಿಗೊಮ್ಮೆ ಕುಗ್ಗುವ ಅಲೆ, ಹೊರಗಿನ ಗದ್ದಲ ಇವೆಲ್ಲ ಅದರ ಪರದೆಯ ಮೇಲೆ ಒಂದೇ ನೋಟಕ್ಕೆ ತಿಳಿಯುತ್ತವೆ. ಬಿಸಿಯಾದಾಗ ಮಾತ್ರ ಬರುವ ದೋಷಕ್ಕೆ ಸಂವೇದಕವನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸುತ್ತ ಅಳೆಯಬೇಕಾಗುತ್ತದೆ.

ಸುರುಳಿ ಸಂವೇದಕದ ಎರಡು ತಂತಿಗಳನ್ನು ದುರಸ್ತಿಯ ವೇಳೆ ಅದಲುಬದಲು ಮಾಡಿದರೆ ಅಲೆಯು ತಲೆಕೆಳಗಾಗುತ್ತದೆ. ಇಂಜಿನ್ ಚಾಲೂ ಆದರೂ ಕಿಡಿಯ ಕೋನ ಕೆಲವು ಡಿಗ್ರಿ ಸರಿದಿರುತ್ತದೆ, ಖಾಲಿ ಹಲ್ಲಿನ ಗುರುತು ಆಗಾಗ ತಪ್ಪುತ್ತದೆ. ಹೊಸ ಸಂವೇದಕ ಹಾಕಿದ ಮೇಲೂ ತೊಂದರೆ ಉಳಿದಾಗ ಇದನ್ನು ನೆನಪಿಸಿಕೊಳ್ಳುವವರು ಕಡಿಮೆ.

ಭಾರತದಲ್ಲಿ

ಭಾರತದಲ್ಲಿ 125 ಸಿಸಿಗಿಂತ ಹೆಚ್ಚಿನ ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಎಬಿಎಸ್ ಕಡ್ಡಾಯವಾದುದು ಹೊಸ ಮಾದರಿಗಳಿಗೆ ಏಪ್ರಿಲ್ 2018ರಿಂದ ಮತ್ತು ಉಳಿದವಕ್ಕೆ ಏಪ್ರಿಲ್ 2019ರಿಂದ. 1 ಏಪ್ರಿಲ್ 2020ರಂದು ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಬಹುಪಾಲು ದ್ವಿಚಕ್ರ ವಾಹನಗಳು ಕಾರ್ಬ್ಯುರೇಟರನ್ನು ಬಿಟ್ಟು ಇಂಧನ ಸಿಂಪಡಣೆಗೆ ಬದಲಾದವು. ಹಿಂದೆ ಕಿಡಿಯ ಕ್ಷಣವನ್ನು ಮಾತ್ರ ಹೇಳುತ್ತಿದ್ದ ಪಲ್ಸರ್ ಕಾಯಿಲ್ ಈಗ ಇಂಧನದ ಲೆಕ್ಕಕ್ಕೂ ಆಧಾರವಾಗಿದೆ. ಇಂಥ ವಾಹನಗಳ ಬ್ರೇಕ್ ಅಥವಾ ಬೇರಿಂಗ್ ಕೆಲಸ ಮಾಡುವವರು ಹಲ್ಲಿನ ಉಂಗುರವನ್ನು ಬಾಗಿಸದಂತೆ, ಸಂವೇದಕದ ತಂತಿಯನ್ನು ಅದರ ಕ್ಲಿಪ್ಪುಗಳಿಗೆ ಮರಳಿ ಸಿಕ್ಕಿಸುವಂತೆ ಎಚ್ಚರ ವಹಿಸಬೇಕಾಗುತ್ತದೆ. ಒತ್ತಡದ ನೀರಿನಿಂದ ತೊಳೆಯುವಾಗ ಹಬ್ಬಿನ ಬಳಿಯ ಕನೆಕ್ಟರಿಗೆ ನೇರವಾಗಿ ನೀರು ಹಾಯಿಸುವುದೂ ಸೀಲನ್ನು ಹಾಳುಮಾಡುತ್ತದೆ.